ಕಾಕಾನ ಎಡಿಗೆ ಕಾಕಾನೇ ಕಳಿಸಿದ ನವಣಕ್ಕಿ

ಸತ್ತವರು ಮಾತಾಡ್ತಾರಾ? ನಗಬೇಡಿ. ನಮ್ಮ ಹನುಮಪ್ಪ ಕಾಕಾ ಮೊನ್ನೆ ಮಾತಾಡಿದರು. ಅದೂ ಅವರಿಗೆ ಎಡಿ ಇಟ್ಟ ದಿನವೇ, ಹಾಡಹಗಲಲ್ಲಿ!

ತೀರಿಹೋದ ಹಿರಿಯರಿಗೆ ಎಡಿ ಇಡುವ ಮಾನವಮಿ ಅಮಾಸಿಗೆ ಕಾಕಾನ ಊರು ತಳಕಲ್ಲಿಗೆ ಹೋಗಿದ್ದೆವು. ಕಾಕಾಗೆ ನವಣಕ್ಕಿ ಅನ್ನ ಅಂದರೆ ಪ್ರಾಣ. ಅವರು ಹೋದ ಮೇಲೆ ಹೊಲದ ತುಂಬ ಬರೀ ಮೆಕ್ಕಿಜೋಳ. ಹಾಗಾಗಿ ಕೊಪ್ಪಳದ ಅಂಗಡಿಯಿಂದ ನವಣಕ್ಕಿ ಪ್ಯಾಕೆಟ್ ಒಯ್ದಿದ್ದೆ. (ಹಿಂದೆಮುಂದೆ ತಿರುಗಿಸಿ ಯಾರು ಓದ್ತಾರೆ? ನೀವು ಓದ್ತೀರಾ?)

ಎಡಿ ಇಟ್ಟು ಕೋಣೆಯ ಬಾಗಿಲು ಮುಂದೆ ಮಾಡಿದೆವು. ಹಿರಿಯರು ಬಂದು ಉಂಡು ಹೋಗುವತನಕ ಯಾರೂ ಒಳಗೆ ಕಾಲಿಡಬಾರದು. ಪಡಸಾಲೆಯಲ್ಲಿ ಪಿಟ್ಟೆನ್ನದೆ ಕೂತಿದ್ದೆವು. ಆಗ ಕೇಳಿಸಿತು:

"ನಮಸ್ಕಾರ್ರಿ. ನಾ ತಳಕಲ್ ಹನುಮಪ್ಪ. ಇದು ನಮ್ಮ ಹೊಲದಾಗ ಬೆಳದ ನವಣಿ. ಉಂಡು ನೋಡ್ರಿ, ಆಮ್ಯಾಲ ಮಾತಾಡ್ರಿ."

ಅದೇ ದನಿ. ಕೊನೆಗೊಂದು ಸಣ್ಣ ಕೆಮ್ಮು, ಅದೂ ಅದೇ. ಕಾಕಾನ ಹೆಂಡತಿ, ನಮ್ಮ ಚಿಗವ್ವ, ಮುಚ್ಚಿದ ಬಾಗಿಲನ್ನೇ ನೋಡುತ್ತ ತಲೆ ಮೇಲೆ ಸೆರಗು ಎಳೆದುಕೊಂಡಳು.

"ಬಂದಾರ," ಅಂದಳು.

ದನಿ ಬಂದದ್ದು ಅಡುಗೆಮನೆಯಿಂದ. ಖಾಲಿ ಪ್ಯಾಕೆಟ್ಟಿನ ಹಿಂದೆ ಕಾಕಾನ ಫೋಟೊ ಕಂಡು ಗಾಬರಿಯಾದ ನನ್ನ ಹೆಂಡತಿ, ಪಕ್ಕದ ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದ್ದಳು; ಕಾಕಾ ಬದುಕಿದ್ದಾಗ ತೆಗೆದ ವಿಡಿಯೊ ಶುರುವಾಗಿತ್ತು. ಅದೇ ರುಮಾಲು, ಅದೇ ನಗು. 'ಬೆಳೆದವರು: ಹನುಮಪ್ಪ, ತಳಕಲ್.' ಪ್ಯಾಕ್ ಆದದ್ದು ಹೋದ ತಿಂಗಳು. ಕಾಕಾ ತೀರಿಕೊಂಡು ಎರಡು ವರ್ಷ! ತಮ್ಮ ಎಡಿಗೆ ತಾವೇ ಬೆಳೆದು ಕಳಿಸಿದರೇನು?

ಪ್ಯಾಕೆಟ್ ಮೇಲಿದ್ದ ನಂಬರಿಗೆ ಫೋನ್ ಹಚ್ಚಿದೆ. ಪ್ಯಾಕ್ ಮಾಡುವಾತ ಭಾಳ ಮರ್ಯಾದಸ್ಥ.

"ಹೌದ್ರಿ ಸರ, ಆ ಅಜ್ಜಾರ ಕಡಿಂದ ಒಂದ್ ಸಲ ಮಾಲ್ ತಗೊಂಡಿದ್ವಿ. ಈಗ ಎಲ್ಲೆಲ್ಲಿಂದೋ ಬರ್ತೈತ್ರಿ. ಆದ್ರ ಅಜ್ಜಾರ ಮಾರಿ ನೋಡಿದ್ರ ಮಂದಿ ನಂಬ್ತಾರ. ಅದಕ್ಕ ಲೇಬಲ್ ಬದಲಿ ಮಾಡಿಲ್ರಿ."

ಎಂಥಾ ಧೈರ್ಯ ನೋಡಿ! ತೂಕ ಸರಿ ಇದೆಯಾ, ಎಕ್ಸ್‌ಪೈರಿ ಹಾಕಿದಾರಾ ಅಂತ ಕೇಳುವವರಿದ್ದಾರೆ. ಬೆಳೆದವನು ಬದುಕಿದ್ದಾನಾ ಅಂತ ಕೇಳುವವರು ಯಾರು?

ಬಾಗಿಲು ತೆಗೆದು ಉಣ್ಣಲು ಕೂತೆವು. ಎರಡನೇ ತುತ್ತಿಗೇ ಚಿಗವ್ವನ ಬಾಯಲ್ಲಿ ಕಟಕ್ ಅಂದಿತು. ಕಲ್ಲಿನ ಹಳ್ಳು ತೆಗೆದು ತಾಟಿನ ಅಂಚಿಗಿಟ್ಟಳು.

"ನಿಮ್ಮ ಕಾಕಾನ ಕಾಳಿನ್ಯಾಗ ಹಳ್ಳು ಇರ್ತಿತ್ತೇನೋ? ಸಾಣಿಗಿ ಹಿಡದು ಸೋಸಲಾರದ ಒಂದು ಚೀಲ ಮಾರಿದಾವ್ರಲ್ಲ. ಸತ್ತ ಮ್ಯಾಲ ಅವ್ರ ಬಾಯಿಲೆ ಸುಳ್ಳು ಹೇಳಸಾಕ್ಹತ್ಯಾರಲ್ಲೋ! ಆ ಲೇಬಲ್ ತಗಸಪಾ," ಅಂತ ಅತ್ತಳು.

ದೂರು ಕೊಟ್ಟಿದ್ದೇನೆ. ಪ್ಯಾಕೆಟ್ಟುಗಳು ಇನ್ನೂ ಅಂಗಡಿಯಲ್ಲಿವೆ. ಒಳಗೆ ಹೋದರೆ ಸಾಕು, ರ‍್ಯಾಕಿನ ಉದ್ದಕ್ಕೂ ಸಾಲಾಗಿ ನಿಂತ ಕಾಕಾಗಳು ನನ್ನನ್ನೇ ನೋಡಿ ನಗುತ್ತಾರೆ.

ಇವತ್ತು ಯಾರದೋ ಮನೆಯಲ್ಲಿ ಹಲ್ಲಿಗೆ ಹಳ್ಳು ಸಿಕ್ಕರೆ, ಅವರು ಯಾರ ಮಾರಿ ನೋಡಿ ಬೈಯುತ್ತಾರೆ?