ಏಳೂ ಹತ್ತರ ರೈಲು

ವಡೋದರಾದಿಂದ ಹೊರಟ ಪುಟ್ಟ ಹಳಿಯ ಸರ್ಕಾರಿ ರೈಲು ಒಂದೂವರೆ ಗಂಟೆ ತೆವಳಿದ ಮೇಲೆ ಸಿಗುತ್ತಿದ್ದ ಸಣ್ಣ ಊರಿಗೆ ಅರವತ್ತರ ದಶಕದಲ್ಲಿ ನಾನು ಸ್ಟೇಷನ್ ಮಾಸ್ಟರ್ ಆಗಿದ್ದೆ. ಅಲ್ಲೊಂದು ರೂಢಿಯಿತ್ತು. ಗಂಟೆ ಹೊಡೆಯುವ ಮುನ್ನ, ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಪೇಟೆ ಬೀದಿಯ ಕಡೆ ತಿರುಗಿ "ಕೋಯ್ ಬಾಕಿ?" ಎಂದು ಕೂಗುತ್ತಿದ್ದ. ಯಾರಾದರೂ ಬಾಕಿಯಿದ್ದರೆ, ಅವರು ಓಡಿಬಂದು ಹತ್ತುವ ತನಕ ರೈಲು ಕಾಯುತ್ತಿತ್ತು. ಇದೇನು ರೈಲೋ ಎತ್ತಿನ ಗಾಡಿಯೋ ಎಂದು ನಾನು ಆ ಕೂಗನ್ನೇ ನಿಲ್ಲಿಸಿದೆ. ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತಿ ಎತ್ತಿ ಒಗೆದನಂತೆ. ನನ್ನದೂ ಅದೇ ಕಥೆ.

ಊರಿನ ದರ್ಜಿಯ ಮಗಳು ಮೆಟ್ರಿಕ್ ಪರೀಕ್ಷೆಗೆ ಕಟ್ಟಿದ್ದಳು. ಈ ಸಲ ಪಾಸಾಗದಿದ್ದರೆ ಮದುವೆಯೇ ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದರು. ಗುಜರಾತಿ ಬಾರದ ನನ್ನ ಹೆಂಡತಿಗೆ ತರಕಾರಿಯ ಹೆಸರುಗಳನ್ನು ಕಲಿಸಿದವಳು ಆ ಹುಡುಗಿ. ಪರೀಕ್ಷೆ ವಡೋದರಾದಲ್ಲಿ. ಬೆಳಗಿನ ರೈಲು ತಪ್ಪಿದರೆ ಮಧ್ಯಾಹ್ನದ್ದೇ ಗತಿ.

ಮೊದಲ ದಿನ ಏಳೂ ಹತ್ತಕ್ಕೆ ಸರಿಯಾಗಿ ಗಂಟೆ ಹೊಡೆಸಿದೆ. ರೈಲು ಕದಲಿದಾಗ ಅವಳು ನಮ್ಮ ಕ್ವಾರ್ಟರ್ಸಿನ ಬಾಗಿಲಿನಿಂದ ಓಡಿಬರುತ್ತಿದ್ದುದು ಕಂಡಿತು. ಕೆಂಪು ಬಾವುಟ ಕೈಯಲ್ಲೇ ಇತ್ತು. ತೋರಿಸಲಿಲ್ಲ.

ಮನೆಗೆ ಹೋದರೆ ಹೆಂಡತಿ ಅಳುತ್ತಿದ್ದಳು. ಒಳ್ಳೆಯ ಕೆಲಸಕ್ಕೆ ಹೊರಟವರ ಬಾಯಿಗೆ ಮೊಸರು ಸಕ್ಕರೆ ಹಾಕಿ ಕಳಿಸುವ ಆ ಸೀಮೆಯ ಪದ್ಧತಿಯನ್ನು ಅವಳು ಹುಡುಗಿಯ ತಾಯಿಯಿಂದ ಕಲಿತಿದ್ದಳು.

"ನಾನೇ ಕರ್ದು ಕೂರ್ಸಿದ್ದು. ಹೊತ್ತಾಯ್ತು ಅಂದ್ಲು ಪಾಪ. ಮಾಸ್ಟರ ಮನೆಯಿಂದ ಹೋಗುವವಳನ್ನ ಬಿಟ್ಟು ರೈಲು ಹೋಗ್ತದಾ ಅಂದೆ ನಾನು," ಎಂದಳು.

ಸಂಜೆ ದರ್ಜಿ ಬಂದ. ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು. ಒಂದು ವಿಷಯ ಹೋದರೆ ಪರೀಕ್ಷೆಯೇ ಹೋದಂತೆ, ರೈಲಿನಿಂದಲೇ ತೊಂದರೆಯಾಯಿತೆಂದು ಒಂದು ಚೀಟಿ ಬರೆದುಕೊಡಿ, ಪರೀಕ್ಷೆಯವರ ಕಾಲು ಹಿಡಿಯುತ್ತೇನೆ ಎಂದ. ಸರ್ಕಾರಿ ಕಾಗದದ ಮೇಲೆ ಸುಳ್ಳು ಬರೆಯಲಾರೆ ಎಂದೆ.

"ಸಾಚೀ ವಾತ್, ಸಾಹೇಬ್," ನೀವು ಹೇಳುವುದೂ ನಿಜವೇ ಎಂದು ಕೈಮುಗಿದು ಹೋದ.

ಎರಡು ವಾರದ ಹಿಂದಷ್ಟೇ ಮೇಲಧಿಕಾರಿಯೊಬ್ಬರ ಹೆಂಡತಿ ದೇವಸ್ಥಾನದಿಂದ ಬರುವುದು ತಡವಾಗಿತ್ತು. ಅವರಿಗಾಗಿ ಅದೇ ರೈಲನ್ನು ಹನ್ನೆರಡು ನಿಮಿಷ ನಿಲ್ಲಿಸಿ, ಎಂಜಿನ್ನಿಗೆ ನೀರು ಹಿಡಿಯಲು ತಡವಾಯಿತೆಂದು ರಿಜಿಸ್ಟರಿನಲ್ಲಿ ಬರೆದವನು ನಾನೇ. ದರ್ಜಿಗೆ ಅದು ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿತ್ತು. ಈಗಲೂ ನೆನಪಾದರೆ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಆ ಬೇಸಿಗೆಯಲ್ಲೇ ಅವಳ ಮದುವೆಯಾಯಿತು. ದರ್ಜಿ ಮನೆಯ ತನಕ ಬಂದು ಕರೆದ. ಡ್ಯೂಟಿಯ ನೆಪ ಹೇಳಿ ನಾನು ಹೋಗಲಿಲ್ಲ. ಗಂಡನ ಮನೆಗೆ ಹೊರಡಲು ಅವಳಿಗಿದ್ದದ್ದೂ ಅದೇ ಏಳೂ ಹತ್ತರ ರೈಲು. ನಾನು ಟಿಕೆಟ್ ಕಿಟಕಿ ತೆರೆಯಲು ಹೋದಾಗ ಇನ್ನೂ ಆರು ಗಂಟೆ. ಮದುವಣಗಿತ್ತಿ ಆಗಲೇ ಬಂದು ಬೆಂಚಿನ ಮೇಲೆ ಕೂತಿದ್ದಳು.