ಡಿಪೋ ಚಿತ್ರದ ನಲವತ್ತೊಂದು ತುಣುಕು

ಬೀದಿಯವರಿಗೆಲ್ಲ ಆಕೆ ಕತ್ತರಿ ಅಕ್ಕ. ಬಟ್ಟೆ ಹೊಲಿಯುವವಳಲ್ಲ, ಜನ ಮೊಬೈಲಿನಲ್ಲಿ ಹಿಡಿದು ತಂದ ವಿಡಿಯೊಗಳನ್ನು ಕತ್ತರಿಸಿ, ಜೋಡಿಸಿ, ನಾಲ್ಕು ಜನ ನೋಡುವ ಹಾಗೆ ಮಾಡಿಕೊಡುವವಳು. ಅಂಗಡಿ ಎಂದರೆ ಮಲಗುವ ಕೋಣೆಯ ಕಿಟಕಿ ಪಕ್ಕದ ಮೇಜು. ಅದರಡಿ, ವೈರುಗಳಿಗೆ ಕೈ ಹಾಕದಂತೆ ಕಟ್ಟಿದ ದಿಂಬಿನ ಕೋಟೆಯೊಳಗೆ, ಒಂದೂವರೆ ವರ್ಷದ ಮಗಳು.

ಅಂದು ಸಂಜೆ ಐದಕ್ಕೆ ಬಸ್ ಡಿಪೋದ ಹಿರಿಯ ಡ್ರೈವರಿಗೆ ಬೀಳ್ಕೊಡುಗೆ. ಜೊತೆಗಾರರು ಅವರ ಬಗ್ಗೆ ಮಾತಾಡಿದ ನಲವತ್ತೊಂದು ತುಣುಕುಗಳಿಂದ ಹನ್ನೆರಡು ನಿಮಿಷದ ಚಿತ್ರವಾಗಬೇಕು. ಚೆನ್ನಾಗಿ ಬಂದರೆ ಡಿಪೋದ ಕೆಲಸವೆಲ್ಲ ಇನ್ನು ಆಕೆಗೇ ಎಂದು ಮ್ಯಾನೇಜರ್ ಮಾತು ಕೊಟ್ಟಿದ್ದರು. ಎಲ್ಲವನ್ನೂ ನೋಡಿ ಮುಗಿಸಿದ್ದಳು, ಜೋಡಿಸುವುದಷ್ಟೇ ಬಾಕಿ.

ಬೆಳಗ್ಗೆ ತೆರೆದರೆ ಸಾಫ್ಟ್‌ವೇರಿನ ಮುಖವೇ ಬೇರೆ. ಒಂದು ತುಣುಕನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ.

"ಅತ್ತೆ, ಇದನ್ನ ಯಾರು ಮುಟ್ಟಿದ್ದು?"

"ನಾನು ಧೂಳು ಒರೆಸಿದೆ ಅಷ್ಟೆ. ಪಾಪ, ಕಂಪ್ಯೂಟರು ಹೊಸದು ಹಾಕ್ಲಾ, ಹಾಕ್ಲಾ ಅಂತ ವಾರದಿಂದ ಗೋಗರೀತಿತ್ತು. ಹೂಂ ಅಂದೆ."

"ಇಷ್ಟು ವರ್ಷದಲ್ಲಿ ನಾನು ಕೇಳಿದ್ದಕ್ಕೆ ಒಂದು ಸಲ ಹೂಂ ಅಂದಿದೀರಾ?"

ಗಂಡನಿಗೆ ಫೋನ್ ಮಾಡಿದಳು. "ಆಫ್ ಮಾಡಿ ಆನ್ ಮಾಡು" ಎಂದ. ಮಗುವಿಗೆ ಜ್ವರ ಬಂದರೂ ಅದನ್ನೇ ಹೇಳುವ ಆಸಾಮಿ. ಮೂರು ಸಲ ಮಾಡಿದಳು. ಫೈಲುಗಳನ್ನು ಬೇರೆ ಡಿಸ್ಕಿಗೆ ಹಾಕಿದಳು. ಕೈಮುಗಿಯುವುದೊಂದು ಬಾಕಿ ಇತ್ತು, ಅದನ್ನೂ ಮಾಡಿದಳು.

ಮಧ್ಯಾಹ್ನ ಎರಡಕ್ಕೆ ಮ್ಯಾನೇಜರೇ ಬಂದು ಸ್ಟೂಲಿನ ಮೇಲೆ ಕೂತರು. ಕೆಳಗೆ ಮಗಳು ದಿಂಬು ಕಚ್ಚುತ್ತಿದ್ದಳು. ಇದಾದರೂ ಹೋಗುತ್ತದೋ ನೋಡೋಣವೆಂದು ಆಕೆ ಸಿಟ್ಟಿನಲ್ಲಿ ಅದನ್ನೇ ಮೊಬೈಲಿನಲ್ಲಿ ಹಿಡಿದು ಕಂಪ್ಯೂಟರಿಗೆ ಹಾಕಿದಳು. ಸಲೀಸಾಗಿ ಒಳಗೆ ಹೋಯಿತು!

ಅರೆ, ಇದಕ್ಕೂ ಅದಕ್ಕೂ ಏನು ವ್ಯತ್ಯಾಸ? ಇದರ ಹೆಸರು ಬರೀ ಅಂಕಿ. ಉಳಿದವಕ್ಕೆಲ್ಲ ಆಕೆಯೇ ಕನ್ನಡದಲ್ಲಿ ಹೆಸರಿಟ್ಟಿದ್ದಳು. ಹೊಸ ಸಾಫ್ಟ್‌ವೇರಿಗೆ ಕನ್ನಡ ಅಕ್ಷರ ಕಂಡರಾಗದು. ಒಂದಕ್ಕೆ ಅಂಕಿ ಇಟ್ಟು ನೋಡಿದಳು, ಅದೂ ಹೋಯಿತು.

"ನೀವು ಅಂಕಿ ಒತ್ತಿ, ಯಾವುದು ಯಾವುದು ಅಂತ ನಾನು ಓದಿ ಬರ್ಕೋತೀನಿ" ಎಂದು ಮ್ಯಾನೇಜರ್ ಪೆನ್ನು ತೆಗೆದರು.

ಬೇಡ ಎನ್ನುವಷ್ಟರಲ್ಲಿ ಶುರುವಾಗಿಬಿಟ್ಟಿತ್ತು. ತುಣುಕಿನಲ್ಲಿ ಏನಿದೆಯೆಂದು ಹೆಸರಲ್ಲೇ ಮುಚ್ಚುಮರೆಯಿಲ್ಲದೆ ಬರೆದಿಡುವುದು ಆಕೆಯ ಅಭ್ಯಾಸ.

"ಒಂದು: ಮೆಕ್ಯಾನಿಕ್, ಅಳು ನಿಜ. ಎರಡು: ಕಂಡಕ್ಟರ್, ಪೂರ್ತಿ ಸುಳ್ಳು, ಆದ್ರೂ ಚೆನ್ನಾಗಿದೆ." ಮ್ಯಾನೇಜರ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸರಿಯಾಗಿ ಅಳೆದಿದೀರಮ್ಮ ಅವನನ್ನ!"

ಹದಿನೇಳಕ್ಕೆ ಬಂದಾಗಲೂ ಅದೇ ಉತ್ಸಾಹ. "ಮ್ಯಾನೇಜರ್, ಒಂಬತ್ತು ನಿಮಿಷ, ನಿದ್ದೆ ಗ್ಯಾರಂಟಿ, ಕೊನೇ ಹತ್ತು ಸೆಕೆಂಡು ಮಾತ್ರ..."

ಪೆನ್ನು ನಿಂತಿತು. ಆಕೆ ಮಗುವನ್ನೆತ್ತಿ ಎದೆಗವಚಿಕೊಂಡಳು, ಮಗುವಿರುವವಳನ್ನು ಯಾರೂ ಬೈಯಲಾರರೆಂಬ ಧೈರ್ಯಕ್ಕೆ.

"ಇದು ಯಾವ ಮ್ಯಾನೇಜರು?"

"ಡಿಪೋದಲ್ಲಿ ಎಷ್ಟು ಜನ ಇದ್ದಾರೆ ಸಾರ್?"

"ಒಬ್ಬನೇ."

ಅಡುಗೆಮನೆಯಿಂದ ಅತ್ತೆಯ ದನಿ: "ಮನಸ್ಸಿಗೆ ಹಚ್ಕೋಬೇಡಿ, ನನಗೂ ಹಂಗೇ ಅಂತಾಳೆ."

"ಹಾಕಿ, ನೋಡೋಣ" ಎಂದರು ಮ್ಯಾನೇಜರ್ ಬಿಗಿಯಾಗಿ. ಕೆಲಸ ಕೈತಪ್ಪಿತೆಂದು ಆಕೆ ಲೆಕ್ಕ ಹಾಕಿಯಾಗಿತ್ತು. ನಾಲ್ಕನೇ ನಿಮಿಷಕ್ಕೆ ಅವರೇ ಬಾಯಿ ತುಂಬ ಆಕಳಿಸಿದರು. "ಮುಂದಕ್ಕೆ ಓಡ್ಸಮ್ಮ."

ತುಣುಕಿನ ಕೊನೆಯಲ್ಲಿ, ರೆಕಾರ್ಡಿಂಗ್ ನಿಂತಿದೆಯೆಂದುಕೊಂಡ ಮ್ಯಾನೇಜರ್ ಕಾಗದ ಮಡಚುತ್ತ ತಮ್ಮಷ್ಟಕ್ಕೆ ಹೇಳಿಕೊಂಡಿದ್ದರು: "ಇನ್ಮೇಲೆ ಬೆಳಗಾದ್ರೆ ನಾನು ಯಾರ ಹತ್ರ ಬೈಸ್ಕೊಳ್ಲಿ?"

"ಹತ್ತೇ ಸೆಕೆಂಡು ಹಾಕಿ" ಎಂದು ಮ್ಯಾನೇಜರ್ ಮೂಗು ಒರೆಸಿ, ಹದಿನೆಂಟನೆಯದನ್ನು ಓದಿದರು.

ಐದಕ್ಕೆ ಐದು ನಿಮಿಷವಿದ್ದಾಗ ಚಿತ್ರ ಡಿಪೋ ಸೇರಿತು. ಆ ಹತ್ತು ಸೆಕೆಂಡು ಬಂದಾಗ ಹಿರಿಯ ಡ್ರೈವರ್ ಎದ್ದು ನಿಂತು, "ನಾಳೆ ಮನೆಗೇ ಬಂದು ಬೈತೀನಿ ಬಿಡಿ ಸಾರ್!" ಎಂದು ಕೂಗಿದರು. ಸಭೆಯೇ ನಕ್ಕಿತು.

ಮ್ಯಾನೇಜರ್ ಆಕೆಯತ್ತ ಬಾಗಿದರು. "ಮುಂದಿನ ಕಾರ್ಯಕ್ರಮಕ್ಕೂ ನೀವೇ. ನನ್ನ ಭಾಷಣ ಮಾತ್ರ ಬರೆದ ತಕ್ಷಣ ಕಳಿಸ್ತೀನಿ, ಕಾಗದದ ಮೇಲೇ ಕತ್ತರಿಸಿಬಿಡಿ."