ಒಳಗಿನಿಂದ ಬಂದ ಉತ್ತರ

ಕಡಲ ಬದಿಯ ಹೂಡೆ ಊರಿನ ನಮ್ಮ ಮನೆಯಲ್ಲಿ ಸತ್ತ ಹಿರಿಯರಿಗೆ ಬಡಿಸುವ ಕ್ರಮವಿದೆ. ಒಳಕೋಣೆಯಲ್ಲಿ ಎಲೆ ಹಾಕಿ, ಕೋಳಿ ಸಾರು, ರೊಟ್ಟಿ ಬಡಿಸಿ, ಬಾಗಿಲೆಳೆದು ಎಲ್ಲರೂ ಅಂಗಳಕ್ಕೆ ಬರುತ್ತೇವೆ. ಸ್ವಲ್ಪ ಹೊತ್ತು ಬಿಟ್ಟು ಅಮ್ಮ ಮೂರು ಸಲ ಬಾಗಿಲು ತಟ್ಟುತ್ತಾಳೆ, ಉಣ್ಣುತ್ತಿದ್ದವರು ಎದ್ದು ಹೋಗಲಿ ಎಂದು. ಆಮೇಲೆ ತಲೆ ತಗ್ಗಿಸಿ ಒಳಗೆ ಹೋಗಬೇಕು. ಒಳಗಿನಿಂದ ಉತ್ತರ ಬಂದರೆ ಎಂದು ಚಿಕ್ಕವಳಿದ್ದಾಗ ಅಮ್ಮನನ್ನು ಕೇಳಿದ್ದೆ.

"ಬಂದ್ರೆ ಒಳಗೆ ಹೋಗ್ಲಿಕ್ಕಿಲ್ಲ," ಎಂದಿದ್ದಳು.

ಮೀನು ಮಾರುವ ಆ ಅಮ್ಮನ ಮನೆಯಿಂದ ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಕಾರ್ಕಳದ ಕಡೆ ಹಾಸ್ಟೆಲಿನಲ್ಲಿದ್ದು ಇಂಜಿನಿಯರಿಂಗ್ ಓದಿದೆ. ಕೊನೆಯ ವರ್ಷ ಸಂದರ್ಶನಕ್ಕೆ ತಯಾರು ಮಾಡಲು ಒಬ್ಬರು ಮೇಡಂ ಬಂದರು. ಕೈ ಕುಲುಕುವುದು, ಕೂರುವುದು, ಇಂಗ್ಲಿಷಿನಲ್ಲಿ ಪರಿಚಯ ಹೇಳಿಕೊಳ್ಳುವುದು, ಎಲ್ಲ ಬರೆದುಕೊಂಡೆ. ಬಾಗಿಲು ತಟ್ಟುವುದನ್ನು ಮಾತ್ರ ಬರೆಯಲಿಲ್ಲ. ಅದು ಹುಟ್ಟಿದಾಗಿನಿಂದ ಗೊತ್ತಲ್ಲ! ಅಭ್ಯಾಸ ನಡೆದದ್ದೂ ಬಾಗಿಲಿಲ್ಲದ ಹಾಲಿನಲ್ಲಿ.

ಆ ವರ್ಷ ಉಳಿದದ್ದು ಒಂದೇ ಕಂಪನಿ. ಮಣಿಪಾಲದಲ್ಲಿ ಮಧ್ಯಾಹ್ನದ ಸಂದರ್ಶನ. ತಣ್ಣಗಿನ ಉದ್ದ ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮೂರು ಸಲ ತಟ್ಟಿದೆ.

"ಕಮ್ ಇನ್."

ಮುದಿ ದನಿ. ಬಾಯಿ ತುಂಬ ಅನ್ನವಿಟ್ಟುಕೊಂಡ ದನಿ. ಬಾಗಿಲ ಸಂದಿಯಿಂದ ಕೋಳಿ ಸಾರಿನ ಪರಿಮಳ ಬಂತು. ಮತ್ತೊಮ್ಮೆ ಕರೆದರು. ನಾನು ಕದಲಲಿಲ್ಲ. ಕುರ್ಚಿ ಎಳೆದ ಸದ್ದಾಗಿ ಬಾಗಿಲು ತಾನಾಗಿ ತೆರೆದಂತೆ ತೆರೆಯಿತು.

"ಎಂತ ಮಾರಾಯ್ತಿ, ಕರೆದದ್ದು ಕೇಳ್ಲಿಲ್ವಾ?" ಬಾಯಿ ಒರೆಸಿಕೊಳ್ಳುತ್ತ ನಿಂತಿದ್ದರು ಒಬ್ಬರು. ಹಿಂದೆ ಮೇಜಿಗೆ ಕೂತ ಇನ್ನಿಬ್ಬರು, ಮೇಜಿನ ಮೇಲೆ ಅರ್ಧ ಉಂಡ ಮೂರು ಎಲೆಗಳು.

ಒಳಗೆ ಹೋಗಿ ಕೂತೆ. ಕೇಳಿದ್ದಕ್ಕೆಲ್ಲ ಸರಿಯಾಗಿಯೇ ಉತ್ತರಿಸಿದೆ, ಆದರೆ ಆ ಎಲೆಗಳನ್ನು ನೋಡುತ್ತ. ಅವರ ಮುಖ ನೋಡಲು ಧೈರ್ಯ ಬರಲಿಲ್ಲ. ವಾರದೊಳಗೆ ಕಾಲೇಜಿಗೆ ಉತ್ತರ ಬಂತು: ಹುಡುಗಿಗೆ ವಿಷಯ ಗೊತ್ತಿದೆ, ಮುಖ ಎತ್ತಿ ಮಾತಾಡುವುದಿಲ್ಲ, ಬೇಡ.

ಆ ಸಂಜೆ ಮನೆಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಮೀನಿನ ಬುಟ್ಟಿ ಕೆಳಗಿಟ್ಟಳು.

"ಉಣ್ತಾ ಇದ್ರಾ? ಉಣ್ತಾ ಕರೆದ್ರಾ?"

"ಹೌದು."

"ಹಾಗಾದ್ರೆ ಆ ಕೆಲಸ ಸಿಗದ್ದೇ ಒಳ್ಳೇದಾಯ್ತು ಮಗಾ."

ನಾಲ್ಕು ವರ್ಷದ ಓದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಅಮ್ಮನ ಮಾತಿಗೆ ನನಗೆ ಸಿಟ್ಟು ನೆತ್ತಿಗೇರಬೇಕಿತ್ತು. ಏರಲಿಲ್ಲ. ಬದುಕಿ ಬಂದೆ ಎಂದು ಮೈ ಹಗುರಾಯಿತು. ಆಮೇಲೆ ಬೇರೆ ಕಡೆ ಕೆಲಸ ಸಿಕ್ಕಿತು, ಮುಖ ಎತ್ತಿ ಮಾತಾಡಲೂ ಕಲಿತೆ. ಆದರೆ ಕೈಗೆ ಬರಬೇಕಿದ್ದ ಕೆಲಸ ತಪ್ಪಿದ ಆ ಸಂಜೆ ನಾನು ಪಟ್ಟ ನೆಮ್ಮದಿ ನೆನಪಾದರೆ ಈಗಲೂ ನನಗೆ ನನ್ನದೇ ಹೆದರಿಕೆಯಾಗುತ್ತದೆ.